ತೆಂಗಿನ ಸೀಮೆಯ ಅಡಿಗಲ್ಲು

(ಉಪನ್ಯಾಸವೊಂದರ ಬರಹರೂಪ)

ತಿಪಟೂರು ಎಂದೊಡನೆ ನೆನಪಿಗೆ ಬರುವುದು ಉಂಡೆ ಕೊಬ್ಬರಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹೆಸರು ಹೇಳಿದರೂ ಕಣ್ಣ ಮುಂದೆ ನಿಲ್ಲುವುದು ತೆಂಗಿನ ಸಾಲುಗಳೇ. ಈ ಸೀಮೆಯ ಬಗ್ಗೆ ಮಾತನಾಡುವವರೆಲ್ಲ ತಲೆಯೆತ್ತಿ ಮರದ ಸುಳಿಯನ್ನು ನೋಡುತ್ತಾರೆ. ಮರ ನಿಂತಿರುವುದು ಯಾವುದರ ಮೇಲೆ, ಅದರ ಬೇರಿಗೆ ಸಿಗುವ ನೀರು ಎಲ್ಲಿ ಅಡಗಿದೆ ಎಂದು ತಲೆ ತಗ್ಗಿಸಿ ನೋಡುವವರು ಕಡಿಮೆ. ಆದರೆ ಕೊಳವೆಬಾವಿ ಕೊರೆಸಿ ಬರಿ ಪುಡಿಗಲ್ಲು ಕಂಡ ರೈತನಿಗೆ ಈ ಪ್ರಶ್ನೆ ಪಾಠದ ಪುಸ್ತಕದ್ದಲ್ಲ. ಮನೆಯ ಸಾಲದ ಪ್ರಶ್ನೆ. ಆದ್ದರಿಂದ ಈ ನೆಲದ ಕಲ್ಲಿನ ಪದರಗಳು ಯಾವುವು, ಅವು ಎಲ್ಲಿ ಮಡಿಸಿವೆ, ಎಲ್ಲಿ ಮುರಿದಿವೆ, ಅದನ್ನು ಯಾರು ಹೇಗೆ ನಕ್ಷೆಗೆ ಇಳಿಸಿದರು ಎಂಬುದನ್ನು ತಿಳಿಯುವುದು ಲಾಭದಾಯಕ.

ಮೊದಲು ಒಂದು ಪದವನ್ನು ಗಮನಿಸೋಣ: ಕಣಿವೆ. ಈ ಭಾಗದಲ್ಲಿ ಕಣಿವೆಯೆಂದರೆ ಹಿಮಾಲಯದ ಆಳವಾದ ಕಂದರವಲ್ಲ. ಉದ್ದಕ್ಕೆ ಹಬ್ಬಿದ ಗುಡ್ಡದ ಸಾಲೊಂದು ಒಂದು ಕಡೆ ಕಡಿದು ದಾರಿಯೋ ಹೊಳೆಯೋ ನುಸುಳುವ ಕಿಂಡಿ ಬಿಟ್ಟರೆ ಅದು ಕಣಿವೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಮದಲಿಂಗನ ಕಣಿವೆಯಿದೆ; ಮದುಮಗನೊಬ್ಬನ ದುರಂತದ ಜನಪದ ಕಥೆ ಆ ಜಾಗಕ್ಕೆ ಅಂಟಿಕೊಂಡಿದೆ. ಅದೇ ತಾಲ್ಲೂಕಿನ ಉತ್ತರಕ್ಕೆ ಬೋರನ ಕಣಿವೆ. ಅಲ್ಲಿ ಸುವರ್ಣಮುಖಿ ಹೊಳೆಗೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಣೆಕಟ್ಟೆ ಕಟ್ಟಿದರು. ಇನ್ನೂ ಉತ್ತರಕ್ಕೆ ಹಿರಿಯೂರಿನ ಬಳಿ ಮಾರಿ ಕಣಿವೆ; ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಅಲ್ಲಿ ಪೂರ್ಣಗೊಂಡಿತು. ಮೂರು ಕಣಿವೆಗಳೂ ಒಂದೇ ಶಿಲಾಪಟ್ಟಿಯಲ್ಲಿವೆ. ಮೆತ್ತನೆಯ ಕಲ್ಲು ಸವೆದು ಬಯಲಾಗಿದೆ, ಗಟ್ಟಿಕಲ್ಲು ಏಣಾಗಿ ಉಳಿದಿದೆ, ಆ ಏಣು ದುರ್ಬಲವಾದ ಕಡೆ ನೀರು ದಾರಿ ಮಾಡಿಕೊಂಡಿದೆ. ಎಂಜಿನಿಯರು ಅಣೆಕಟ್ಟೆಗೆ ಹುಡುಕುವುದೂ ಇಂಥ ಜಾಗವನ್ನೇ: ಎರಡು ಕಡೆ ಗಟ್ಟಿ ಗುಡ್ಡ, ನಡುವೆ ಕಿರಿದಾದ ಬಾಯಿ.

ಈ ಶಿಲಾಪಟ್ಟಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಚಿತ್ರದುರ್ಗ ಶಿಸ್ಟ್ ಪಟ್ಟಿ. ಉತ್ತರದಲ್ಲಿ ಗದಗದ ಕಡೆಯಿಂದ ಹೊರಟು ಚಿತ್ರದುರ್ಗ, ಚಿಕ್ಕನಾಯಕನಹಳ್ಳಿಗಳನ್ನು ಹಾದು ದಕ್ಷಿಣದಲ್ಲಿ ಶ್ರೀರಂಗಪಟ್ಟಣದ ಕಡೆಗೆ ಇಳಿಯುವ ಈ ಪಟ್ಟಿಯ ಉದ್ದ 400 ಕಿಲೋಮೀಟರಿಗೂ ಹೆಚ್ಚು. ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಅದರ ಮುಖ್ಯ ದೇಹದ ಭಾಗ. ಅದರಿಂದ ಪಶ್ಚಿಮಕ್ಕೆ ಕವಲೊಡೆದ ಒಂದು ತೋಳು ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯ ಬಳಿ ಹಾದುಹೋಗುತ್ತದೆ. ಪುಸ್ತಕಗಳಲ್ಲಿ ಅದಕ್ಕೆ ಕಿಬ್ಬನಹಳ್ಳಿಯ ತೋಳು ಎಂದೇ ಹೆಸರು. ತಿಪಟೂರು, ತುರುವೇಕೆರೆಗಳ ಉಳಿದ ಬಹುಭಾಗದ ಅಡಿಯಲ್ಲಿರುವುದು ನೈಸ್ ಎಂಬ ಬೂದುಬಣ್ಣದ ಪಟ್ಟೆಪಟ್ಟೆಯ ಕಲ್ಲು. ಹೊಲದ ನಡುವೆ ಬೋಳುಬಂಡೆಯಾಗಿ ಕಾಣುವುದು, ಮನೆಯ ತಳಪಾಯಕ್ಕೆ ಸೈಜುಗಲ್ಲಾಗಿ ಬರುವುದು ಹೆಚ್ಚಾಗಿ ಇದೇ.

ಇವುಗಳ ವಯಸ್ಸು ಬೆರಗು ಹುಟ್ಟಿಸುವಂಥದು. ನೈಸಿನ ಹಳೆಯ ಭಾಗಗಳು 300 ಕೋಟಿ ವರ್ಷಕ್ಕೂ ಹಿಂದಿನವು. ಶಿಸ್ಟ್ ಪಟ್ಟಿಯ ಪದರಗಳು ಅವಕ್ಕಿಂತ ಕಿರಿಯವು, ಸರಿಸುಮಾರು 290ರಿಂದ 255 ಕೋಟಿ ವರ್ಷಗಳ ನಡುವಿನವು. ಹಿಮಾಲಯ ಎದ್ದು ನಿಲ್ಲತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಆ ಲೆಕ್ಕದಲ್ಲಿ ಹಿಮಾಲಯ ತೊಟ್ಟಿಲ ಕೂಸು. ಮದಲಿಂಗನ ಕಣಿವೆಯ ಕಲ್ಲು ಮುತ್ತಜ್ಜ.

ಇಷ್ಟು ಹಳೆಯ ಕಲ್ಲು ಮೊದಲು ಏನಾಗಿತ್ತು? ಉತ್ತರ ಕಲ್ಲಿನಲ್ಲೇ ಇದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ತಲೆದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಕಲ್ಲುಗಳಿವೆ. ಲಾವಾರಸ ನೀರಿನೊಳಗೆ ಉಕ್ಕಿ ತಟ್ಟನೆ ತಣಿದರೆ ಮಾತ್ರ ಅಂಥ ಆಕಾರ ಬರುತ್ತದೆ. ಅಂದರೆ ಅಲ್ಲಿ ಒಂದು ಕಾಲಕ್ಕೆ ಕಡಲಿತ್ತು. ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ತೆಳುಪದರಗಳು ಗುಮ್ಮಟದಂತೆ ಬಾಗಿದ ಗುರುತುಗಳು ಸಿಕ್ಕಿವೆ. ಆಳವಿಲ್ಲದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹಾಸುಹಾಸಾಗಿ ಬೆಳೆದು ಬಿಟ್ಟುಹೋದ ಇಂಥ ರಚನೆಗಳಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಜಗತ್ತಿನ ಬಹಳ ಹಳೆಯ ಜೀವದ ಕುರುಹುಗಳ ಪೈಕಿ ಇವೂ ಸೇರಿವೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು ಸುತ್ತಲ ಸೀಮೆಯಲ್ಲಿ ಸುಣ್ಣಕಲ್ಲು ದೊರೆಯುತ್ತಿದ್ದ ಕಾರಣ. ಆ ಸುಣ್ಣಕಲ್ಲು ಹುಟ್ಟಿದ್ದು ಇಂಥ ಪುರಾತನ ನೀರಿನ ತಳದಲ್ಲಿ. ಚಿಕ್ಕನಾಯಕನಹಳ್ಳಿಯ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಮೂಲವೂ ನೀರಿನ ತಳದಲ್ಲಿ ಪದರವಾಗಿ ಇಳಿದ ಕೆಸರೇ. ಆಮೇಲೆ ಕೋಟಿಗಟ್ಟಲೆ ವರ್ಷ ಮಳೆ ಗಾಳಿ ಅದನ್ನು ತೊಳೆದು, ಬೇಡದ್ದನ್ನು ಕರಗಿಸಿ, ಅದಿರಿನ ಅಂಶ ಹೆಚ್ಚುವಂತೆ ಮಾಡಿದವು.

ಹಾಗಾದರೆ ಮಟ್ಟಸವಾಗಿ ಇಳಿದ ಪದರಗಳು ಇಂದು ಗೋಡೆಯಂತೆ ನೆಟ್ಟಗೆ ನಿಂತಿರುವುದೇಕೆ? ನೆಲದ ಮೇಲೆ ಹಾಸಿದ ಜಮಖಾನವನ್ನು ಎರಡು ಬದಿಯಿಂದ ಒತ್ತಿದರೆ ಅದು ಮಡಿಕೆ ಮಡಿಕೆಯಾಗಿ ಏಳುತ್ತದೆ. ಭೂಮಿಯ ಹೊರಚಿಪ್ಪು ಪೂರ್ವ ಪಶ್ಚಿಮಗಳಿಂದ ಒತ್ತಿದಾಗ ಈ ಪದರಗಳೂ ಹಾಗೆಯೇ ಮಡಿಸಿದವು. ಮಡಿಸಿದ್ದೇ ಮತ್ತೊಮ್ಮೆ ಮಡಿಸಿತು. ಮಡಿಸಲಾರದ್ದು ಮುರಿಯಿತು. ಹಾಗೆ ಮುರಿದು ಒಂದು ಬದಿ ಇನ್ನೊಂದರ ಪಕ್ಕ ಸರಿದುಹೋದರೆ ಅದು ಸ್ತರಭಂಗ. ಒಂದೇ ಗೆರೆಯಲ್ಲಿ ಮುರಿಯದೆ ಅಗಲವಾದ ಪಟ್ಟಿಯಲ್ಲಿ ಕಲ್ಲೆಲ್ಲ ಜಜ್ಜಿ, ಎಳೆದು, ನುರಿದು ಹೋಗಿದ್ದರೆ ಅದು ಜಾರುವಲಯ. ಚಿತ್ರದುರ್ಗ ಪಟ್ಟಿಯ ಪೂರ್ವದ ಅಂಚಿನಲ್ಲಿ ಇಂಥ ದೊಡ್ಡ ಜಾರುವಲಯ ಹಾದುಹೋಗಿದೆ. ಕರ್ನಾಟಕದ ಪುರಾತನ ಭೂಖಂಡವನ್ನು ವಿಜ್ಞಾನಿಗಳು ಪೂರ್ವ, ಪಶ್ಚಿಮ ಎಂದು ಎರಡು ಹೋಳಾಗಿ ಎಣಿಸುವಾಗ ಹಲವರು ಗಡಿಯೆಂದು ಹಿಡಿಯುವುದು ಇದನ್ನೇ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಸಣ್ಣ ಸ್ಫೋಟಗಳನ್ನು ನಡೆಸಿ, ಅವುಗಳ ಕಂಪನ ಆಳದಿಂದ ಮರಳಿ ಬರುವ ಹೊತ್ತನ್ನು ಅಳೆಯಿತು. ಈ ಪಟ್ಟಿಯನ್ನೂ ದಾಟಿದ ಆ ಅಳತೆಯಲ್ಲಿ, ಇಲ್ಲಿಯ ಕೆಲವು ಬಿರುಕುಗಳು ಹೊರಚಿಪ್ಪಿನ ತಳದವರೆಗೂ ಇಳಿದಿರುವ ಸೂಚನೆ ಸಿಕ್ಕಿತು. ಆದರೆ ಇವು ಬಹಳ ಹಳೆಯ ಗಾಯಗಳು. ಹಿಮಾಲಯದ ತಪ್ಪಲಿನಲ್ಲಿರುವಂತೆ ಇಂದಿಗೂ ಬಿರುಸಾಗಿ ಸರಿಯುತ್ತಿರುವ ಬಿರುಕುಗಳಲ್ಲ.

ಇಂಥ ಬಿರುಕುಗಳ ಮೂಲಕವೇ ಹಿಂದೆ ಬಿಸಿನೀರು ಮೇಲೇರಿ, ತಾನು ಹೊತ್ತು ತಂದ ಚಿನ್ನವನ್ನು ಬೆಣಚುಕಲ್ಲಿನ ಎಳೆಗಳಲ್ಲಿ ಬಿಟ್ಟುಹೋಯಿತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಳ್ಳಾರ, ಶಿರಾ ತಾಲ್ಲೂಕಿನ ಅಜ್ಜನಹಳ್ಳಿಗಳಲ್ಲಿ ಚಿನ್ನ ಸಿಕ್ಕಿದ್ದು ಈ ಬಗೆಯ ಜಾಗಗಳಲ್ಲಿ.

ಇದನ್ನೆಲ್ಲ ನಕ್ಷೆಗೆ ತಂದ ಕಥೆ ಬೇರೆಯೇ ಸ್ವಾರಸ್ಯದ್ದು. ರಾಬರ್ಟ್ ಬ್ರೂಸ್ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದವರು. ಮದರಾಸಿನ ಬಳಿಯ ಪಲ್ಲಾವರಂನಲ್ಲಿ 1863ರಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿ ಹೆಸರಾದವರೂ ಅವರೇ. ದಕ್ಷಿಣದ ಶಿಸ್ಟ್ ಪಟ್ಟಿಗಳೆಲ್ಲ ಒಂದೇ ಕುಟುಂಬಕ್ಕೆ ಸೇರಿದವು, ಚಿನ್ನ ಸಿಗುವುದು ಅವುಗಳಲ್ಲೇ ಎಂದು ಕಂಡು 1880ರ ದಶಕದಲ್ಲಿ ಆ ಕುಟುಂಬಕ್ಕೆ ಧಾರವಾಡದ ಹೆಸರಿಟ್ಟರು. ಹೀಗೆ ಒಂದು ಕನ್ನಡದ ಊರಿನ ಹೆಸರು ಜಗತ್ತಿನ ಭೂವಿಜ್ಞಾನ ಪುಸ್ತಕಗಳನ್ನು ಸೇರಿತು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ದೇಶೀಯ ಸಂಸ್ಥಾನವೊಂದು ಕಲ್ಲು ಓದುವುದಕ್ಕೆಂದೇ ಇಲಾಖೆ ಸ್ಥಾಪಿಸಿದ್ದು ಆ ಕಾಲಕ್ಕೆ ದೊಡ್ಡ ಮಾತು.

ನಕ್ಷೆ ತಯಾರಿಸುವ ಬಗೆ ಸರಳ, ಶ್ರಮ ಅಪಾರ. ಕೈಯಲ್ಲಿ ಸುತ್ತಿಗೆ, ಓರೆ ಅಳೆಯುವ ದಿಕ್ಸೂಚಿ, ಮಸೂರ, ಸರ್ವೆ ಇಲಾಖೆಯ ಭೂಪಟ. ಹಳೆಯ ಸಂಖ್ಯೆಯ ಪ್ರಕಾರ ತಿಪಟೂರು ಇರುವುದು 57ಸಿ/7ನೆಯ ಹಾಳೆಯಲ್ಲಿ, ಚಿಕ್ಕನಾಯಕನಹಳ್ಳಿ 57ಸಿ/11ರಲ್ಲಿ, ತುರುವೇಕೆರೆ 57ಸಿ/12ರಲ್ಲಿ. ಪದರಗಳು ಇಲ್ಲಿ ಹೆಚ್ಚುಕಡಿಮೆ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಓಡುತ್ತವೆ. ಆದ್ದರಿಂದ ಭೂವಿಜ್ಞಾನಿ ಅವುಗಳ ಜೊತೆಗೆ ನಡೆಯದೆ ಅಡ್ಡಲಾಗಿ ನಡೆಯುತ್ತಾನೆ. ಪುಸ್ತಕದ ಹಾಳೆ ತಿರುವಿದಂತೆ ಒಂದೊಂದೇ ಪದರ ಎದುರಾಗುತ್ತದೆ. ಬಂಡೆ ಕಂಡಲ್ಲೆಲ್ಲ ನಿಂತು, ಪದರ ಯಾವ ದಿಕ್ಕಿಗೆ ಓಡುತ್ತಿದೆ, ಎಷ್ಟು ಡಿಗ್ರಿ ವಾಲಿದೆ ಎಂದು ಬರೆದುಕೊಳ್ಳುತ್ತಾನೆ. ಬಂಡೆ ಕಾಣದ ಕಡೆ ಬಾವಿಯ ಗೋಡೆ, ರೈಲುದಾರಿಯ ಕಡಿತ, ಹಳ್ಳದ ದಂಡೆ, ಹೊಲದ ಬದುವಿನ ಕಲ್ಲುಗುಪ್ಪೆಗಳೇ ಸಾಕ್ಷಿ. ಮಣ್ಣಿನ ಬಣ್ಣವೂ ಮಾತಾಡುತ್ತದೆ: ನೈಸ್ ಸವೆದರೆ ಮರಳು ಬೆರೆತ ಕೆಂಪುಮಣ್ಣು, ಕರಿಯ ಲಾವಾಶಿಲೆ ಸವೆದರೆ ಜಿಗುಟಾದ ಗಾಢಬಣ್ಣದ ಮಣ್ಣು. ಒಂದು ಪದರ ಸಲೀಸಾಗಿ ಓಡುತ್ತಾ ಬಂದು ತಟ್ಟನೆ ಕಡಿದು, ಅದರ ಮುಂದುವರಿಕೆ ಪಕ್ಕಕ್ಕೆ ಸರಿದು ಕಂಡರೆ, ಕಾಣದ ಸ್ತರಭಂಗವೊಂದು ಅಲ್ಲಿ ಹಾದಿದೆ ಎಂದು ನಕ್ಷೆಯಲ್ಲಿ ಗೆರೆ ಬೀಳುತ್ತದೆ.

ಗೆರೆ ಎಳೆದ ಮಾತ್ರಕ್ಕೆ ಅರ್ಥ ಹೊಳೆಯುವುದಿಲ್ಲ. ಮೈಸೂರು ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಸಂಸ್ಥಾನದ ಭೂವೈಜ್ಞಾನಿಕ ಇತಿಹಾಸದ ರೂಪರೇಖೆಯನ್ನು 1916ರಲ್ಲಿ ಪ್ರಕಟಿಸಿದರು. ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ಅವೆಲ್ಲ ಬೆಂಕಿಯಿಂದ ಹುಟ್ಟಿದವು, ನೈಸ್ ಆಮೇಲೆ ಅವುಗಳೊಳಗೆ ನುಗ್ಗಿದ್ದು ಎಂಬುದು ಅವರ ವಾದ. ಉರುಟು ಕಲ್ಲುಗಳು ಹುದುಗಿದ ಪದರಗಳನ್ನು ಕೂಡ ಅವರು ಹೊಳೆಯ ಕೆಲಸವೆಂದು ಒಪ್ಪಲಿಲ್ಲ. ಒತ್ತಡದಲ್ಲಿ ಕಲ್ಲು ಪುಡಿಯಾಗಿ ಉರುಳಿದ್ದರ ಫಲ ಎಂದರು. ಮುಂದಿನ ಪೀಳಿಗೆಯ ಸಿ. ಎಸ್. ಪಿಚ್ಚಮುತ್ತು, ಬಿ. ರಾಮರಾವ್ ಮೊದಲಾದವರು ಅದೇ ಬಂಡೆಗಳ ಬಳಿ ಮತ್ತೆ ಹೋದರು. ಅಲೆಯ ಗುರುತು, ಓರೆಪದರ, ನೀರಿನಲ್ಲಿ ಉರುಳಿ ನುಣುಪಾದ ಉಂಡೆಗಲ್ಲು ಕಂಡರು. ಇವು ನೀರು ತಂದು ಹಾಕಿದ ಪದರಗಳೇ ಎಂದು ವಾದಿಸಿದರು. ರಾಮರಾಯರ ದೊಡ್ಡ ಗ್ರಂಥ 1940ರಲ್ಲಿ ಇಲಾಖೆಯಿಂದಲೇ ಹೊರಬಂತು.

ಇಲ್ಲಿ ತರ್ಕ ಸರಳವಾದದ್ದು. ಚಕ್ಕುಲಿಯಲ್ಲಿ ಎಳ್ಳು ಸಿಕ್ಕರೆ ಎಳ್ಳು ಚಕ್ಕುಲಿಗಿಂತ ಮೊದಲೇ ಇದ್ದಿರಬೇಕು. ಪದರದಲ್ಲಿ ಹುದುಗಿದ ಉಂಡೆಗಲ್ಲು ಹಳೆಯ ನೈಸಿನದಾದರೆ ನೈಸ್ ಆ ಪದರಕ್ಕಿಂತ ಹಿರಿಯದು. ಹಾಗಾದರೆ ಸ್ಮೀತ್ ಕಂಡದ್ದು ಸುಳ್ಳೇ? ಪೂರ್ತಿ ಅಲ್ಲ. ನೈಸ್ ನುಗ್ಗಿ ನುಂಗಿದ ಶಿಸ್ಟುಗಳೂ ನಿಜವಾಗಿಯೇ ಉಂಟು. ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್ ಅವರ ಕೆಲಸದಿಂದ 1970–80ರ ಹೊತ್ತಿಗೆ ತೊಡಕು ಬಿಡಿಸಿತು: ನೈಸಿಗಿಂತ ಹಳೆಯ ಶಿಸ್ಟುಗಳು ಒಂದು ಗುಂಪು, ಅದಕ್ಕೆ ಸರಗೂರಿನ ಹೆಸರು, ನೈಸಿನ ಮೇಲೆ ಆಮೇಲೆ ಹಾಸಿದ್ದು ಇನ್ನೊಂದು ಗುಂಪು, ಅದಕ್ಕೆ ಧಾರವಾಡದ ಹೆಸರು. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಕ್ರೋಮೈಟ್ ಇರುವ ಪಟ್ಟಿ ಮೊದಲನೆಯ ಗುಂಪಿನದು. ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಎರಡನೆಯವು. ಹೀಗೆ ಒಂದು ನಕ್ಷೆಯ ಮೇಲಿನ ಜಗಳ ಬಗೆಹರಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಆದರೆ ಈ ಸೀಮೆಯ ಕಲ್ಲನ್ನು ಮೊದಲು ಓದಿದವರು ಇಲಾಖೆಯವರಲ್ಲ. ಕಿಬ್ಬನಹಳ್ಳಿಯ ಬಳಿ ಹಳೆಯ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಅವನ್ನು ಮಾಡಿದವರು ಆರಿಸಿಕೊಂಡದ್ದು ಪುಡಿಯಾಗುವ ಶಿಸ್ಟನ್ನಲ್ಲ. ಚಕ್ಕೆ ಎದ್ದು ಹರಿತವಾದ ಅಂಚು ಬಿಡುವ ಕ್ವಾರ್ಟ್‌ಜೈಟನ್ನು. ಹೊಯ್ಸಳರ ಕಾಲದ ರೂವಾರಿಗಳ ಆಯ್ಕೆ ಬೇರೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ದೇವಾಲಯದ ಕುಸುರಿ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಅದು ಶಿಸ್ಟ್ ಪಟ್ಟಿಗಳಲ್ಲಿ ಹುಟ್ಟುವ, ಉಳಿಗೆ ಮೆತ್ತಗೆ ಒದಗಿ ಆಮೇಲೆ ಬಿಗಿಯುವ ಕಲ್ಲು. ನೈಸಿನಲ್ಲಿ ಆ ಕುಸುರಿ ಕಷ್ಟ. ಯಾವ ಗುಡ್ಡದಲ್ಲಿ ಯಾವ ಕಲ್ಲು ಎಂಬ ನಕ್ಷೆ ಅವರ ತಲೆಯಲ್ಲಿತ್ತು.

ಈಗ ಮತ್ತೆ ತೆಂಗಿನ ಬುಡಕ್ಕೆ ಬರೋಣ. ಮರಳುಗಲ್ಲಿನ ನಾಡಿನಲ್ಲಿ ಕಲ್ಲಿನ ಮೈಯೆಲ್ಲ ಸ್ಪಂಜಿನಂತೆ ನೀರು ಹಿಡಿಯುತ್ತದೆ. ನೈಸ್, ಶಿಸ್ಟುಗಳ ಗಟ್ಟಿಮೈಗೆ ಆ ಗುಣವಿಲ್ಲ. ನೀರು ನಿಲ್ಲುವುದು ಎರಡೇ ಕಡೆ: ಮೇಲೆ ಕಲ್ಲು ಕೊಳೆತು ಮೊರಮ್ಮಾದ ಪದರದಲ್ಲಿ, ಕೆಳಗೆ ಬಿರುಕುಗಳಲ್ಲಿ. ಮೊರಮ್ಮಿನ ಪದರದಲ್ಲೂ 100 ಲೀಟರ್ ಗಾತ್ರಕ್ಕೆ ಹೊರಗೆ ಬಿಟ್ಟುಕೊಡುವ ನೀರು 1ರಿಂದ 3 ಲೀಟರ್ ಮಾತ್ರ. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಕಿರಿದಾಗುತ್ತವೆ, ವಿರಳವಾಗುತ್ತವೆ. ಸಾವಿರ ಅಡಿ ಕೊರೆದರೆ ಹೆಚ್ಚು ನೀರು ಎಂಬ ನಂಬಿಕೆಗೆ ಈ ಕಲ್ಲಿನಲ್ಲಿ ಆಧಾರ ಕಡಿಮೆ. ಆಳದ ಬಿರುಕಿನಲ್ಲಿ ನೀರು ಸಿಕ್ಕರೂ ಅದು ಹಳೆಯ ಕೂಡಿಟ್ಟ ಗಂಟು; ಒಮ್ಮೆ ಖಾಲಿಯಾದರೆ ತುಂಬಿಕೊಳ್ಳುವುದು ನಿಧಾನ.

ಲೆಕ್ಕವೊಂದನ್ನು ನೋಡಿ. ಈ ತಾಲ್ಲೂಕುಗಳಲ್ಲಿ ವರ್ಷಕ್ಕೆ 650 ಮಿಲಿಮೀಟರ್ ಮಳೆ ಎಂದು ಇಟ್ಟುಕೊಳ್ಳಿ. ಗಟ್ಟಿಕಲ್ಲಿನ ನೆಲದಲ್ಲಿ ಅದರ ಹತ್ತನೆಯ ಒಂದು ಪಾಲು ಇಂಗಿತೆಂದರೆ 65 ಮಿಲಿಮೀಟರ್, ಎಕರೆಗೆ ಸುಮಾರು 2.6 ಲಕ್ಷ ಲೀಟರ್. ಎಕರೆಗೆ 70 ಮರ, ಮರಕ್ಕೆ ದಿನಕ್ಕೆ ಹನಿ ನೀರಾವರಿಯ ಮಿತವಾದ 50 ಲೀಟರ್, ವರ್ಷದಲ್ಲಿ 150 ಒಣದಿನ ಎಂದರೆ ಬೇಕಾದದ್ದು 5.25 ಲಕ್ಷ ಲೀಟರ್. ಅಂದರೆ ಒಂದು ಎಕರೆ ತೋಟ ಎರಡು ಎಕರೆಯಲ್ಲಿ ಇಂಗಿದ ನೀರನ್ನು ಕುಡಿಯುತ್ತದೆ. ಪಕ್ಕದ ಎಕರೆ ಹುಲ್ಲುಗಾವಲೋ ರಾಗಿ ಹೊಲವೋ ಆಗಿದ್ದ ಕಾಲದಲ್ಲಿ ಲೆಕ್ಕ ಸರಿಹೋಗುತ್ತಿತ್ತು. ಪಕ್ಕದ ಎಕರೆಯೂ ತೋಟವಾಗಿ, ಅಲ್ಲೂ ಕೊಳವೆಬಾವಿ ಇಳಿದಾಗ ಸಾಲ ಶುರುವಾಗುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜುಗಳಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿಗಳು ಅತಿಬಳಕೆಯ ತಾಲ್ಲೂಕುಗಳ ಸಾಲಿಗೆ ಸೇರಿದ್ದು ಆಕಸ್ಮಿಕವಲ್ಲ. ಹೇಮಾವತಿ ನಾಲೆಯ ನೀರು ಬಂದ ಕಡೆ ಕೆರೆ ತುಂಬಿ ಸುತ್ತಲ ಬಾವಿಗಳಿಗೆ ಜೀವ ಬಂದಿರುವುದೂ ಇದೇ ಲೆಕ್ಕದ ಇನ್ನೊಂದು ಮುಖ.

ಇಲ್ಲಿ ಬಿರುಕಿನ ನಕ್ಷೆ ಉಪಯೋಗಕ್ಕೆ ಬರುತ್ತದೆ. ಬಿರುಕುಗಳು ಕೂಡುವ ಜಾಗ, ನೈಸ್ ಮತ್ತು ಶಿಸ್ಟ್ ಸಂಧಿಸುವ ಅಂಚು, ಹಳ್ಳದ ನೇರವಾದ ಓಟ, ಇವು ನೀರಿನ ಸೂಚನೆಗಳು. ಜಜ್ಜಿದ ವಲಯವೆಲ್ಲ ಒಳ್ಳೆಯದೇ ಎಂದಲ್ಲ. ಕಲ್ಲು ನುರಿದು ಜೇಡಿಯಾಗಿದ್ದರೆ ಅದು ನೀರನ್ನು ಬಿಡುವ ಬದಲು ತಡೆಯುತ್ತದೆ. ನೈಸನ್ನು ಸೀಳಿ ಗೋಡೆಯಂತೆ ನಿಂತ ಕರಿಕಲ್ಲಿನ ಡೈಕುಗಳೂ ಹಾಗೆಯೇ. ನೆಲದೊಳಗಿನ ನೀರಿಗೆ ಅವು ಕಟ್ಟೆ. ಡೈಕಿನ ಮೇಲ್ಬದಿಯ ಬಾವಿ ತುಂಬಿರುತ್ತದೆ, ಕೆಳಬದಿಯದು ಒಣಗಿರುತ್ತದೆ. ಅಕ್ಕಪಕ್ಕದ ತೋಟದವರು ಅದೃಷ್ಟವನ್ನು ದೂರುತ್ತಾರೆ.

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು, ಕಾಯಿ ಎದ್ದು ನಿಂತ ಕಡೆ ಪಾಯಿಂಟ್ ಗುರುತಿಸುವವರು ಈ ಸೀಮೆಯಲ್ಲಿದ್ದಾರೆ. ಕಾಯಿಗೆ ನೀರು ಗೊತ್ತು ಎನ್ನುವುದಕ್ಕೆ ಪುರಾವೆಯಿಲ್ಲ. ಆದರೆ ಹತ್ತಾರು ವರ್ಷ ಹೊಲ ಸುತ್ತಿದವನ ಕಣ್ಣು ತಗ್ಗು, ಹುತ್ತ, ಹಸಿರು, ಮಣ್ಣಿನ ಬಣ್ಣಗಳನ್ನು ತನಗರಿವಿಲ್ಲದೆ ಓದಿರುತ್ತದೆ. ಭೂವಿಜ್ಞಾನಿ ಓದುವುದೂ ಅವನ್ನೇ. ಜೊತೆಗೆ ನೆಲಕ್ಕೆ ನಾಲ್ಕು ಸರಳು ಚುಚ್ಚಿ ವಿದ್ಯುತ್ ಹರಿಸಿ ಅಳೆಯುತ್ತಾನೆ. ನೀರು ಹಿಡಿದ ಮೊರಮ್ಮು ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಡುತ್ತದೆ, ಗಟ್ಟಿಬಂಡೆ ಬಿಡುವುದಿಲ್ಲ. ಈ ಅಳತೆಯೂ ಖಾತರಿ ಕೊಡುವುದಿಲ್ಲ; ಕುರುಡು ಜೂಜಿನ ಸೋಲನ್ನು ಕಡಿಮೆ ಮಾಡುತ್ತದೆ. ಮೈಸೂರು ರಾಜ್ಯದಲ್ಲಿ ಅಂತರ್ಜಲದ ವೈಜ್ಞಾನಿಕ ಶೋಧನೆಗೆ ಮುಂದಾದ ಬಿ. ಪಿ. ರಾಧಾಕೃಷ್ಣ ಈ ವಿಷಯವನ್ನು ಕನ್ನಡದಲ್ಲೇ ಪುಸ್ತಕವಾಗಿ ಬರೆದದ್ದು, ಓದಬೇಕಾದವರು ರೈತರು ಎಂಬ ತಿಳಿವಿನಿಂದ.

ಗುಡ್ಡಗಳ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಅದಿರಿನ ಗುಡ್ಡದ ಬಿರುಕುಬಿಟ್ಟ ನೆತ್ತಿ ಮಳೆಯನ್ನು ಕುಡಿದು ಬುಡದ ಒರತೆಗೂ ಕೆರೆಗೂ ಸಾವಕಾಶವಾಗಿ ಬಿಡುತ್ತದೆ. ಗಣಿಗಾರಿಕೆ ಮಿತಿ ಮೀರಿದಾಗ ಸುಪ್ರೀಂ ಕೋರ್ಟು 2011ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಗಣಿಗಳನ್ನು ನಿಲ್ಲಿಸಿತು. 2013ರಲ್ಲಿ ಷರತ್ತು ಮತ್ತು ಮಿತಿಗಳೊಡನೆ ಅರ್ಹ ಗಣಿಗಳಿಗೆ ಅವಕಾಶ ಕೊಟ್ಟಿತು. ಅದಿರು ಬೇಡವೆನ್ನುವಂತಿಲ್ಲ, ತೆಂಗೂ ಬೇಕು. ಎರಡರ ನಡುವೆ ತೀರ್ಮಾನ ಮಾಡುವವರ ಮುಂದೆ ಅದಿರಿನ ನಕ್ಷೆಯಂತೆಯೇ ನೀರಿನ ನಕ್ಷೆಯೂ ಹರಡಿರಬೇಕು. ಒಂದೇ ಬಿರುಕು ಒಬ್ಬರಿಗೆ ಲೋಹ, ಇನ್ನೊಬ್ಬರಿಗೆ ಒರತೆ.

ಚಿಕ್ಕನಾಯಕನಹಳ್ಳಿಯ ಉತ್ತರಕ್ಕೆ ಬಿದ್ದ ಮಳೆ ಸುವರ್ಣಮುಖಿ, ವೇದಾವತಿಗಳ ಮೂಲಕ ಕೃಷ್ಣೆಯ ಕಡೆ ಹರಿಯುತ್ತದೆ. ತುರುವೇಕೆರೆಯ ಮಳೆ ಶಿಂಷೆಯ ಮೂಲಕ ಕಾವೇರಿಗೆ. ಎರಡು ದೊಡ್ಡ ನದಿಗಳಿಗೆ ನೀರು ಕಳಿಸುವ ಎತ್ತರದ ನೆಲ ತನಗಾಗಿ ಉಳಿಸಿಕೊಳ್ಳುವುದು ಇಂಗಿದಷ್ಟನ್ನೇ. ಹಿಂದಿನವರು ಕೆರೆ ಕಟ್ಟಿದ್ದು, ಕೆರೆಯ ಗೋಡು ಎತ್ತಿ ತೋಟಕ್ಕೆ ಹೊಡೆದದ್ದು, ಹಳ್ಳದ ತಗ್ಗಿನಲ್ಲೇ ಹೆಚ್ಚಾಗಿ ತೆಂಗು ನೆಟ್ಟದ್ದು ಈ ಮಿತಿಯೊಳಗಿನ ಬಾಳು. ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಊರಿನ ಕಲ್ಲು, ಬಿರುಕು, ಡೈಕು, ಕೆರೆ, ಕೊಳವೆಬಾವಿಗಳನ್ನು ಗುರುತಿಸಿದ ಒಂದು ನಕ್ಷೆ ತೂಗುಹಾಕುವುದು ಇಂದು ಕಷ್ಟದ ಕೆಲಸವಲ್ಲ. ಮುಂದಿನ ಕೊಳವೆಬಾವಿಗೆ ಲಾರಿ ಕರೆಸುವ ಮುನ್ನ ಊರವರು ಅದರ ಮುಂದೆ ಒಂದು ಗಳಿಗೆ ನಿಂತರೆ, ನೂರು ಚಿಲ್ಲರೆ ವರ್ಷ ಬಿಸಿಲಿನಲ್ಲಿ ಸುತ್ತಿಗೆ ಹಿಡಿದು ನಡೆದವರ ದುಡಿಮೆ ತೋಟಕ್ಕೆ ತಲುಪಿದಂತೆ.